ಹೊಗೆಗೂ ಗಡಿಯಾರ ಉಂಟು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಕರ ಸಂಕ್ರಮಣ ಕಳೆಯಿತೆಂದರೆ ಘಟ್ಟದ ಬುಡದಿಂದ ಕಡಲಿನವರೆಗೆ ಗುಡ್ಡೆಗಳು ಒಣಗುತ್ತವೆ. ಎಲ್ಲಾದರೊಂದು ಕಡೆ ಹೊಗೆ ಏಳದ ದಿನವಿಲ್ಲ. ಈ ಸಲ ದಕ್ಷಿಣ ಕನ್ನಡ, ಉಡುಪಿಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಗೆಯ ಕುರಿತೇ ಇದ್ದವು. ಒಂದೇ ಬಗೆಯ ಪ್ರಶ್ನೆ ಹಲವರಿಂದ ಬಂದಲ್ಲಿ ಒಂದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮೀಸಲು ಅರಣ್ಯದ ಅಂಚಿನಲ್ಲಿ ಅರಣ್ಯ ಇಲಾಖೆಯವರೇ ವರ್ಷವೂ ಪಟ್ಟಿಯಂತೆ ಬೆಂಕಿ ಹಾಕುತ್ತಾರೆ. ನಾವು ನಮ್ಮ ಜಮೀನಿಗೆ ತಾಗಿದ ಕುಮ್ಕಿಯಲ್ಲಿ ಒಂದು ಕಡ್ಡಿ ಗೀರಿದರೆ ಗಾರ್ಡ್ ಬಂದು ನಿಲ್ಲುತ್ತಾರೆ. ಅವರ ಹೊಗೆ ಹೊಗೆಯಲ್ಲವೇ? (ಕೃಷಿಕರು, ಹೆಬ್ರಿ)

ಹೊಗೆಯೇ. ಸುಟ್ಟವರು ಯಾರೆಂದು ಶ್ವಾಸಕೋಶ ಕೇಳುವುದಿಲ್ಲ. ಆದರೆ ಅವರು ಸುಡುವುದು ಬೆಂಕಿ ರೇಖೆಯನ್ನು. ಡಿಸೆಂಬರ್, ಜನವರಿಯಲ್ಲಿ ಕಾಡಿನ ಅಂಚು, ರಸ್ತೆ ಬದಿ, ನೆಡುತೋಪಿನ ಸುತ್ತ ಕೆಲವು ಮೀಟರ್ ಅಗಲಕ್ಕೆ ಹುಲ್ಲು, ತರಗೆಲೆ ಸವರಿ, ಒಣಗಲು ಬಿಟ್ಟು, ಕಾವಲು ನಿಂತು ಸುಡುತ್ತಾರೆ. ಮಾರ್ಚಿನಲ್ಲಿ ಎಲ್ಲಿಂದಲೋ ಬೆಂಕಿ ಬಂದರೆ ಆ ಬೋಳು ಪಟ್ಟಿಯಲ್ಲಿ ಅದಕ್ಕೆ ತಿನ್ನಲು ಏನೂ ಇರಬಾರದು ಎಂಬುದು ಲೆಕ್ಕ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಎದ್ದ ಹೊಗೆಯ ಮುಂದೆ ಇಂಥ ಪಟ್ಟಿಗಳ ಹೊಗೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಬಗೆಯೂ ಉಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಏರುವ ಮೊದಲೇ ತೆಳುವಾಗಿ ಹಾಕುತ್ತಿದ್ದ 'ತರಗು ಬೆಂಕಿ' ಆ ಬಗೆಯದು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಎಂಬ ಕಳೆ ಪೊದೆ ಅಷ್ಟು ಹಬ್ಬಿದ್ದಕ್ಕೆ ಅದೂ ಒಂದು ಕಾರಣ ಎಂದು ಸೋಲಿಗರು ಹೇಳುತ್ತಾರೆ. ಆ ಮಾತನ್ನು ಹಾಗೆಯೇ ಎತ್ತಿ ನಮ್ಮ ಕಡೆ ತಂದು ಇಡುವ ಹಾಗಿಲ್ಲ. ಅದು ಎಲೆ ಉದುರುವ ಕಾಡಿನ ಪದ್ಧತಿ. ಸೋಮೇಶ್ವರ, ಮೂಕಾಂಬಿಕಾ, ಕುದುರೆಮುಖದ ನಿತ್ಯಹರಿದ್ವರ್ಣ ಕಾಡಿನ ಮರಗಳ ತೊಗಟೆ ತೆಳು. ಮೊಣಕಾಲೆತ್ತರದ ಬೆಂಕಿಯೂ ಬುಡವನ್ನು ಬೇಯಿಸಿಬಿಡುತ್ತದೆ. ಅಂಥ ಕಾಡಿಗೆ ಯಾವ ಹೆಸರಿನ ಬೆಂಕಿಯೂ ಬೇಡ.

ಇನ್ನು ಕುಮ್ಕಿ. ವರ್ಗ ಜಮೀನಿನ (ನಿಮ್ಮ ಹೆಸರಿನ ಸಾಗುವಳಿ ಜಮೀನಿನ) ಅಂಚಿನಿಂದ 100 ಗಜದವರೆಗೆ ಸೊಪ್ಪು, ಕಟ್ಟಿಗೆ ತರುವ ಸವಲತ್ತು ನಿಮ್ಮದು, ನೆಲ ಸರಕಾರದ್ದು. ಅಲ್ಲಿಂದ ಬೆಂಕಿ ಮೀಸಲು ಅರಣ್ಯಕ್ಕೆ ಹಾರಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬರುತ್ತದೆ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ. ಗಾರ್ಡ್ ಬಂದು ನಿಲ್ಲುವುದು ಅದಕ್ಕೆ.

ಹಾಗೆಂದು ನಿಮ್ಮ ತಕರಾರಿನಲ್ಲಿ ಹುರುಳಿಲ್ಲವೆಂದಲ್ಲ. ಬೆಂಕಿ ಹತೋಟಿಯಲ್ಲಿ ಇರಬೇಕಾದರೆ ಸಂಜೆ ತಂಪಿನಲ್ಲಿ, ಗಾಳಿ ನಿಂತ ಹೊತ್ತಿನಲ್ಲಿ ಸುಡುವುದು ಸುಲಭ. ಹೊಗೆ ಚದುರಬೇಕಾದರೆ ಅದೇ ಹೊತ್ತು ಅತಿ ಕೆಟ್ಟದ್ದು. ಇವೆರಡರ ಜಗಳ ಎಲ್ಲ ದೇಶಗಳಲ್ಲೂ ಇರುವುದೇ. ಮನೆಗಳ ಹತ್ತಿರದ ರೇಖೆಯನ್ನು ಸುಡದೆ, ಎಲೆ ಊದುವ ಬ್ಲೋವರಿನಿಂದ ತರಗೆಲೆಯನ್ನು ಕಾಡಿನ ಒಳಕ್ಕೆ ತಳ್ಳಿಯೂ ಮಾಡಬಹುದು. ಇಲಾಖೆಯ ಬಳಿ ಈಗ ಆ ಯಂತ್ರಗಳಿವೆ. ಡಿಸೆಂಬರಿಗೆ ಮೊದಲೇ ವಲಯ ಕಚೇರಿಗೆ ಬರೆದು ಕೇಳಿ. ಹೊಗೆ ಎದ್ದ ಮೇಲೆ ಕೇಳಿದರೆ ಅದು ಬರೇ ಜಗಳವಾಗುತ್ತದೆ.

ಪ್ರಶ್ನೆ: ಎರಡು ಎಕರೆ ಪಟ್ಟಾ ಗುಡ್ಡೆ. ಅಕೇಶಿಯಾ ಕಡಿಸಿ ಆಗಿದೆ, ಗೇರು ಗಿಡ ಇಡಬೇಕು. ಎಲೆ, ರೆಂಬೆ ಮೊಣಕಾಲಿನಷ್ಟು ಬಿದ್ದಿದೆ. ಸುಡದೆ ಆಗದು ಎನ್ನುತ್ತಾರೆ ಕೆಲಸದವರು. ಗುಡ್ಡೆಯ ಮೂಡು ಬದಿಯಲ್ಲಿ ಶಾಲೆ ಇದೆ. ಹೊಗೆ ಕಡಿಮೆ ಮಾಡುವ ದಾರಿ ಏನು? (ಮೂಡುಬಿದಿರೆ)

ಮೊದಲು ಒಂದು ಲೆಕ್ಕ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕದಲ್ಲಿ ಬಿದ್ದ ಒಣ ಕಸ ತೂಗಿ. ಅರ್ಧ ಕಿಲೋ ಬಂತೆಂದರೆ ಎಕರೆಗೆ 2 ಟನ್. ಒಂದು ಕಿಲೋ ಒಣ ಕಸ ಸುಟ್ಟರೆ, ಚೆನ್ನಾಗಿ ಉರಿದರೂ, ಸುಮಾರು 10 ಗ್ರಾಂ ಪಿಎಂ 2.5 ಕಣ ಗಾಳಿಗೆ ಸೇರುತ್ತದೆ. ಇದು 2.5 ಮೈಕ್ರಾನಿಗಿಂತ ಸಣ್ಣ ಮಸಿ. ತಲೆಕೂದಲಿನ ದಪ್ಪವೇ 50ರಿಂದ 70 ಮೈಕ್ರಾನ್ ಎಂದರೆ ಅಂದಾಜು ಸಿಕ್ಕೀತು. ಅಂದರೆ ಎಕರೆಗೆ 20 ಕಿಲೋ ಕಣ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ಆ 20 ಕಿಲೋವನ್ನು ಅಷ್ಟಕ್ಕೆ ತೆಳುಗೊಳಿಸಲು 33 ಕೋಟಿ ಘನ ಮೀಟರ್ ಗಾಳಿ ಬೇಕು. ಮಧ್ಯಾಹ್ನ ಹೊಗೆ 1,000 ಮೀಟರ್ ಎತ್ತರದವರೆಗೆ ಬೆರೆಯುವುದಾದರೆ ಮೂರನೇ ಒಂದು ಚದರ ಕಿ.ಮೀ. ಮೇಲಿನ ಗಾಳಿ ಸಾಕಾಗುತ್ತದೆ. ರಾತ್ರಿ ಅದೇ ಹೊಗೆ 50 ಮೀಟರಿನಲ್ಲಿ ನಿಂತರೆ ಆರೂವರೆ ಚದರ ಕಿ.ಮೀ. ಊರನ್ನು ತುಂಬುತ್ತದೆ. ಕಸವೂ ಅದೇ, ಬೆಂಕಿಯೂ ಅದೇ, ಹೊತ್ತು ಮಾತ್ರ ಬೇರೆ.

ಆದ್ದರಿಂದ ಮೊದಲ ಕೆಲಸ ತೂಕ ಇಳಿಸುವುದು. ಮಣಿಕಟ್ಟಿಗಿಂತ ದಪ್ಪದ್ದೆಲ್ಲ ಕಟ್ಟಿಗೆಯಾಗಿ ಹೋಗಲಿ. ಅದು ನಿಧಾನ ಉರಿದು ರಾತ್ರಿಯಿಡೀ ಹೊಗೆಯಾಡುವ ಜಾತಿ. ಎಲೆಯನ್ನು ಸುಡಲೇಬೇಡಿ. ಗುಡ್ಡೆಯ ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕಿದರೆ ಮಳೆಗೆ ಮಣ್ಣು ಹಿಡಿಯುತ್ತದೆ, ಗೇರು ಗಿಡದ ಬುಡಕ್ಕೂ ಹೊದಿಕೆಯಾಗುತ್ತದೆ. ಅಕೇಶಿಯಾ ಎಲೆ ಕೊಳೆಯಲು ತಡ, ಆದರೆ ಕೊಳೆಯದೆ ಇರುವುದಿಲ್ಲ. ಉಳಿಯುವುದು ಬೆರಳು ದಪ್ಪದ ರೆಂಬೆ ಮಾತ್ರ. ಸುಡುವುದಿದ್ದರೆ ಅದನ್ನೇ, ರಾಶಿ ಮಾಡಿ.

ರಾಶಿಯನ್ನು ಕೈಯಿಂದಲೇ ಒಟ್ಟಬೇಕು. ಜೆಸಿಬಿಯಿಂದ ದೂಡಿಸಿದರೆ ಅರ್ಧಕ್ಕರ್ಧ ಕೆಂಪುಮಣ್ಣು ಸೇರುತ್ತದೆ. ಮಣ್ಣು ಬೆರೆತ ರಾಶಿ ಗಾಳಿಯಾಡದೆ ಮೂರು ನಾಲ್ಕು ದಿನ ಒಳಗೊಳಗೇ ಕೊಳೆ ಉರಿಯಾಗಿ ಉರಿಯುತ್ತದೆ. ಊರವರ ಬೈಗುಳಕ್ಕೆ ಮುಖ್ಯ ಕಾರಣ ಇದೇ. ಆರು ಅಡಿ ಅಗಲ, ನಾಲ್ಕೈದು ಅಡಿ ಎತ್ತರ ಸಾಕು. ಮೇಲಿನ ನಡುಭಾಗಕ್ಕೆ ಒಂದು ತುಂಡು ಟಾರ್ಪಾಲು ಹಾಕಿಡಿ, ಇಬ್ಬನಿ ಇಳಿಯದಿರಲಿ. ಹಚ್ಚುವಾಗ ತೆಗೆಯಲು ಮರೆಯಬೇಡಿ, ಪ್ಲಾಸ್ಟಿಕ್ ಹೊಗೆ ಇನ್ನೊಂದು ಅನಾಹುತ. ಕಡಿದು ಆರರಿಂದ ಎಂಟು ವಾರ ಒಣಗಿರಬೇಕು. ರೆಂಬೆ ಮುರಿದಾಗ 'ಟಕ್' ಎನ್ನಬೇಕು, ಬಾಗಿದರೆ ಬೇಡ. ದಟ್ಟ ಬಿಳಿ ಹೊಗೆ ಎಂದರೆ ನೀರಾವಿ ಮತ್ತು ಸುಡದೆ ಉಳಿದ ಎಣ್ಣೆ, ಟಾರು. ಒಳ್ಳೆಯ ಉರಿಯ ಮೇಲೆ ಗಾಳಿ ನಡುಗುವುದು ಕಾಣುತ್ತದೆ, ಹೊಗೆ ಹೆಚ್ಚು ಕಾಣುವುದಿಲ್ಲ.

ಎಲ್ಲ ರಾಶಿಗೂ ಒಟ್ಟಿಗೆ ಹಚ್ಚುವುದು ನಮ್ಮ ಕಡೆಯ ಅಭ್ಯಾಸ. ಅದರ ಬದಲು ಒಂದಕ್ಕೆ ಹಚ್ಚಿ, ಉರಿ ಬಲವಾದ ಮೇಲೆ ಉಳಿದ ರಾಶಿಗಳಿಂದ ತಂದು ಅದಕ್ಕೇ ಹಾಕುತ್ತಾ ಹೋಗಿ. ಬಿಸಿ ಬೂದಿಯ ಮೇಲೆ ಬಿದ್ದ ರೆಂಬೆ ಹೊಗೆಯಾಡಲು ಸಮಯವೇ ಸಿಗದೆ ಹೊತ್ತಿಕೊಳ್ಳುತ್ತದೆ.

ಈಗ ಗಡಿಯಾರದ ಮಾತು. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುತ್ತದೆ. ಗಾಳಿ ಮೂಡಿನಿಂದ ಪಡುವಿಗೆ, ಗುಡ್ಡೆಯಿಂದ ಹೊಳೆಯ ಬದಿಗೆ ಜಾರುತ್ತದೆ. ನೆಲದ ಹತ್ತಿರ ತಂಪು, ಮೇಲೆ ಬಿಸಿ ಗಾಳಿ ಕೂತು ಪಾತ್ರೆಗೆ ಮುಚ್ಚಳ ಇಟ್ಟ ಹಾಗಾಗುತ್ತದೆ. ಬಿಸಿಲು ಏರಿ ಈ ಮುಚ್ಚಳ ಕಳಚಲು ಬೆಳಿಗ್ಗೆ 10 ಗಂಟೆ ಆಗಬೇಕು. ಆಮೇಲೆ ಕಡಲ ಗಾಳಿ ಬರುತ್ತದೆ. ಕರಾವಳಿಯಲ್ಲಿ 11, 12ರ ಹೊತ್ತಿಗೆ, ಮೂಡುಬಿದಿರೆಯಂಥ ಒಳನಾಡಿಗೆ ಇನ್ನೂ ತಡವಾಗಿ.

ಅಪಾಯ ಇರುವುದು ಈ ತಿರುವಿನಲ್ಲಿ. ಬೆಳಿಗ್ಗೆ ಮೂಡುಗಾಳಿ ಇದ್ದಾಗ ಪಡು ಅಂಚಿನಲ್ಲಿ ಹಚ್ಚಿದ ಬೆಂಕಿ ಗಾಳಿಗೆದುರಾಗಿ ಇಂಚಿಂಚು ಹೋಗುತ್ತಿರುತ್ತದೆ. ಕಡಲ ಗಾಳಿ ಬಂದ ಐದು ನಿಮಿಷದಲ್ಲಿ ಅದೇ ಬೆಂಕಿ ಬೆನ್ನಿಗೆ ಗಾಳಿ ಪಡೆದು ಓಡುತ್ತದೆ. ಹಾಗಾಗಿ ಕಡಲ ಗಾಳಿ ಬಂದು ಅರ್ಧ ಗಂಟೆ ಒಂದೇ ಸಮ ಬೀಸಿದ ಮೇಲೆಯೇ ಹಚ್ಚಬೇಕು. ಮೊದಲು ಒಂದು ಹಿಡಿ ಎಲೆಗೆ ಹಚ್ಚಿ ನೋಡಿ. ಹೊಗೆ ತೆಂಗಿನ ತಲೆ ದಾಟಿ ಮೇಲೇರುತ್ತಲೇ ಇದ್ದರೆ ಸರಿ. ಮರದ ಎತ್ತರದಲ್ಲಿ ಚಾಪೆ ಹಾಸಿದಂತೆ ಮಲಗಿದರೆ ಆ ದಿನ ಬಿಟ್ಟುಬಿಡಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೈನ್ ಕಾಡು ಸುಡುವವರು ಹೊಗೆ ಬೆರೆಯುವ ಎತ್ತರ ಕನಿಷ್ಠ 500 ಮೀಟರ್, ಮೇಲಿನ ಗಾಳಿಯ ವೇಗ ಸೆಕೆಂಡಿಗೆ 4ರಿಂದ 9 ಮೀಟರ್ ಇದ್ದರೆ ಮಾತ್ರ ಮುಂದುವರಿಯುತ್ತಾರೆ. ನಮ್ಮ ಎಲೆ ಪರೀಕ್ಷೆ ಅದರದ್ದೇ ಬಡವರ ಆವೃತ್ತಿ.

ನಿಮ್ಮ ವಿಷಯದಲ್ಲಿ ಕಡಲ ಗಾಳಿ ಹೊಗೆಯನ್ನು ನೇರ ಶಾಲೆಯ ಕಡೆಗೇ ಒಯ್ಯುತ್ತದೆ. ಇದಕ್ಕೆ ಜಾಣತನದ ಉಪಾಯ ಹುಡುಕಬೇಡಿ, ಭಾನುವಾರ ಸುಡಿ. ಮೂಡುಗಾಳಿ ಬಿರುಸಾಗಿ ಕಡಲ ಗಾಳಿ ಮಧ್ಯಾಹ್ನ ಕಳೆದರೂ ಬಾರದ ದಿನಗಳು ಫೆಬ್ರವರಿ, ಮಾರ್ಚಿನಲ್ಲಿ ಇರುತ್ತವೆ. ಸೆಕೆ ಏರಿ ನೆಲ ಕಾದ ಹಂಚಾಗುವ ದಿನಗಳು ಅವೇ. ಆಗ ಕಡ್ಡಿ ಪೆಟ್ಟಿಗೆ ಮನೆಯಲ್ಲೇ ಇರಲಿ.

ಸುತ್ತ 3 ಮೀಟರ್ ಅಗಲಕ್ಕೆ ಕೆಂಪುಮಣ್ಣು ಕಾಣುವಂತೆ ಕೆರೆದಿರಬೇಕು. 200 ಲೀಟರಿನ ಒಂದು ಡ್ರಮ್ ನೀರು, 16 ಲೀಟರಿನ ಎರಡು ಬೆನ್ನಿನ ಸ್ಪ್ರೇಯರ್, ಕನಿಷ್ಠ ಮೂರು ಜನ. ಸ್ಪ್ರೇಯರಿನಲ್ಲಿ ಹಿಂದೆ ಕಳೆನಾಶಕ ಹಾಕಿದ್ದರೆ ತೊಳೆದಿರಬೇಕು. ಎರಡೂವರೆಗೆ ಹೊಸ ರೆಂಬೆ ಹಾಕುವುದು ನಿಲ್ಲಿಸಿ, ನಾಲ್ಕಕ್ಕೆ ಜ್ವಾಲೆ ಆರಿರಬೇಕು, ಐದೂವರೆಗೆ ಹೊಗೆಯೂ ಇರಬಾರದು. ನಂದಿಸುವಾಗ ಮೇಲಿಂದ ನೀರು ಸುರಿದು ಬಂದರೆ ಆಗಲಿಲ್ಲ. ಬೂದಿ ಕೆದಕಿ, ನೀರು ಹಾಕಿ, ಮತ್ತೆ ಕಲಸಿ, ಮತ್ತೆ ನೀರು. ನೀರಿಗೆ ಸ್ವಲ್ಪ ಸೋಪು ಬೆರೆಸಿದರೆ ಒಳಗಿಳಿಯುತ್ತದೆ. ಕೊನೆಗೆ ಕೈಯ ಹಿಂಬದಿಯನ್ನು ಬೂದಿಯ ಮೇಲೆ ಹಿಡಿದು ನೋಡಿ. ಅಕೇಶಿಯಾದ ಬುಡ ಹೊತ್ತಿಕೊಂಡಿದ್ದರೆ ಬೇರಿನ ಗುಂಟ ಬೆಂಕಿ ಹೋಗಿ ಮರುದಿನ ಬೇರೆ ಕಡೆ ತಲೆ ಎತ್ತುವುದುಂಟು, ಆದ್ದರಿಂದ ಬುಡಗಳಿಂದ ದೂರ ರಾಶಿ ಹಾಕಿ. ಪಂಚಾಯತಿಗೂ ಅರಣ್ಯ ಗಸ್ತಿನವರಿಗೂ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಕೇಳಿ. ನಗರ ಮಿತಿಯೊಳಗಾದರೆ ಈ ಉತ್ತರ ನಿಮಗಲ್ಲ, ಅಲ್ಲಿ ತೋಟದ ಕಸವನ್ನೂ ಸುಡುವಂತಿಲ್ಲ.

ಪ್ರಶ್ನೆ: ಬೆಂಕಿಗೆ ನೀರು ಹಾಕಿದ ಕೂಡಲೇ ಹೊಗೆ ಹೆಚ್ಚುತ್ತದೆ. ಹಾಗಾದರೆ ತಾನಾಗಿ ಆರಲು ಬಿಡುವುದು ಒಳ್ಳೆಯದಲ್ಲವೇ? (ಬೆಳ್ತಂಗಡಿ)

ಅಲ್ಲ. ಆ ಹತ್ತು ನಿಮಿಷದ ಮೋಡದಲ್ಲಿ ಹೆಚ್ಚಿನದು ಹಬೆ. ಬಿಟ್ಟರೆ ರಾತ್ರಿಯಿಡೀ, ಹನ್ನೆರಡು ತಾಸು ಹೊಗೆಯಾಡುತ್ತದೆ. ಉರಿಗಿಂತ ಹೊಗೆಯಾಟದಲ್ಲೇ ಕಿಲೋಗೆ ಹೆಚ್ಚು ಕಣ, ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಹೊರಡುವುದು.

ಪ್ರಶ್ನೆ: ಮಲ್ಲಿಗೆಗೆ ಸುಡುಮಣ್ಣು ಹಾಕುವುದು ಹಿಂದಿನಿಂದ ಬಂದದ್ದು. ಪಕ್ಕದಲ್ಲಿ ಹೊಸದಾಗಿ ಬಂದವರು ಹೊಗೆಯೆಂದು ದೂರುತ್ತಾರೆ. ಬಿಡಲೇಬೇಕೇ? (ಶಂಕರಪುರ)

ದೂರುವವರ ತಪ್ಪಿಲ್ಲ. ಸುಡುಮಣ್ಣು ಆಗುವುದೇ ಹೊಗೆಯಾಟದಿಂದ. ತರಗೆಲೆ, ಹುಲ್ಲಿನ ಹೆಂಟೆ, ಮಣ್ಣು ಪದರ ಪದರ ಹಾಕಿ ಮುಚ್ಚಿ, ಗಾಳಿ ಸಾಲದಂತೆ ದಿನಗಟ್ಟಲೆ ಬೇಯಿಸುತ್ತೇವೆ. ಅದರಿಂದ ಮಣ್ಣಿನ ಜಂತುಹುಳ, ಕಳೆ ಬೀಜ ಸಾಯುತ್ತವೆ, ಬೂದಿಯ ಪೊಟ್ಯಾಶ್ ಸಿಗುತ್ತದೆ, ರಂಜಕ ಗಿಡಕ್ಕೆ ಸುಲಭವಾಗಿ ದಕ್ಕುತ್ತದೆ. ಎಲೆಯಲ್ಲಿದ್ದ ಸಾರಜನಕ ಮಾತ್ರ ಹೊಗೆಯ ಜೊತೆ ಹೋಗುತ್ತದೆ. ಮಲ್ಲಿಗೆಯ ಚಿಗುರಿಗೆ ಬೇಕಾದದ್ದೇ ಅದು ಎಂಬುದು ವಿಪರ್ಯಾಸ.

ಬಿಡಬೇಕಾಗಿಲ್ಲ, ಬದಲಿಸಬಹುದು. ದೊಡ್ಡ ರಾಶಿಯ ಬದಲು ಒಂದು ದಿನದಲ್ಲಿ ಸುಟ್ಟು ಮುಗಿಯುವಷ್ಟು ಸಣ್ಣದು ಮಾಡಿ. ಹಸಿ ಹೆಂಟೆಯನ್ನು ವಾರ ಬಿಸಿಲಿಗೆ ಬಿಡಿ. ಬೆಂಕಿಯನ್ನು ಬುಡದಲ್ಲಿ ಇಡದೆ ತಲೆಯಲ್ಲಿ ಇಡಿ. ಬುಡದಲ್ಲಿ ಹಚ್ಚಿದರೆ ಕೆಳಗಿನ ಬಿಸಿ ಮೇಲಿನ ಹಸಿಯನ್ನು ಬೇಯಿಸಿ ಹೊಗೆ ಬಿಡಿಸುತ್ತದೆ. ತಲೆಯಲ್ಲಿದ್ದರೆ ಕೆಳಗಿಂದ ಬರುವ ಹೊಗೆ ಜ್ವಾಲೆಯನ್ನು ಹಾದು ಹೋಗುವಾಗ ಸುಟ್ಟುಹೋಗುತ್ತದೆ.

ಇನ್ನೂ ಒಳ್ಳೆಯದು ಇದ್ದಿಲು ಗುಂಡಿ. ಬಾಯಿ ನಾಲ್ಕು ಅಡಿ, ಆಳ ಎರಡು ಅಡಿ, ಲಾಳಿಕೆಯಂತೆ ಇಳಿಜಾರು ಗೋಡೆ. ತಳದಲ್ಲಿ ಸಣ್ಣ ಉರಿ ಮಾಡಿ, ತೆಂಗಿನ ಒಣ ಕೊತ್ತಳಿಂಗೆ, ಮಡಲಿನ ದಿಂಡು, ಗೇರಿನ ರೆಂಬೆ ಒಂದೊಂದೇ ಪದರ ಹಾಕುತ್ತಾ ಬನ್ನಿ. ಹಾಕಿದ ಪದರದ ಮೇಲೆ ಬಿಳಿ ಬೂದಿ ಕಾಣಿಸಿಕೊಳ್ಳುವಾಗ ಮುಂದಿನದು. ಅವಸರ ಮಾಡಿ ಒಮ್ಮೆಲೇ ತುಂಬಿದರೆ ಜ್ವಾಲೆ ಉಸಿರುಗಟ್ಟಿ ಹೊಗೆ ಏಳುತ್ತದೆ, ತಡಮಾಡಿದರೆ ಇದ್ದಿಲೂ ಬೂದಿಯಾಗುತ್ತದೆ. ಎಲೆ ಇದಕ್ಕೆ ಆಗದು, ಹಾಸಿಕೊಂಡು ಗಾಳಿ ತಡೆಯುತ್ತದೆ. ಗುಂಡಿ ತುಂಬಿದ ಮೇಲೆ ಧಾರಾಳ ನೀರು ಹಾಕಿ ನಂದಿಸಿ, ಪುಡಿ ಮಾಡಿ, ಸೆಗಣಿ ನೀರಿನಲ್ಲಿ ಎರಡು ವಾರ ನೆನೆಸಿಯೇ ಬುಡಕ್ಕೆ ಹಾಕಬೇಕು. ಹಸಿ ಇದ್ದಿಲು ಮೊದಲ ದಿನಗಳಲ್ಲಿ ಗಿಡದ ಗೊಬ್ಬರವನ್ನೇ ಹೀರಿಟ್ಟುಕೊಳ್ಳುತ್ತದೆ. ಆದರೆ ಇದು ಸುಡುಮಣ್ಣಿನಂತೆ ಜಂತುಹುಳ ಕೊಲ್ಲುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಬಾಲ್ಕನಿಯಲ್ಲಿ ಸಣ್ಣ ಮೀಟರ್ ಇಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ಪಿಎಂ 2.5 ಎಂದು 95 ತೋರಿಸುತ್ತದೆ, ಹೊಗೆ ವಾಸನೆಯೂ ಇದೆ. ಸರಕಾರಿ ಆ್ಯಪ್ 'ತೃಪ್ತಿಕರ' ಎನ್ನುತ್ತದೆ. ಯಾವುದನ್ನು ನಂಬಲಿ? (ಬಿಜೈ, ಮಂಗಳೂರು)

ಎರಡನ್ನೂ, ಅರ್ಧರ್ಧ. ನಿಮ್ಮ ಮೀಟರ್ ಕಣಗಳನ್ನು ತೂಗುವುದಿಲ್ಲ. ಲೇಸರ್ ಬೆಳಕು ಎಷ್ಟು ಚದುರಿತೆಂದು ನೋಡಿ ಊಹಿಸುತ್ತದೆ. ಗಾಳಿಯ ತೇವ 90 ಶೇಕಡ ಇರುವ ನಮ್ಮ ಬೆಳಗಿನಲ್ಲಿ ಕಣಗಳು ನೀರು ಕುಡಿದು ಉಬ್ಬಿರುತ್ತವೆ, ಅವು ಮೀಟರಿಗೆ ದೊಡ್ಡದಾಗಿ ಕಾಣುತ್ತವೆ. ಅಮೆರಿಕದ ಪರಿಸರ ಸಂಸ್ಥೆ ಪರ್ಪಲ್ ಏರ್ ಎಂಬ ಮೀಟರಿಗೆ ಒಂದು ತಿದ್ದುಪಡಿ ಲೆಕ್ಕ ಕೊಟ್ಟಿದೆ: ತೋರಿಸಿದ ಅಂಕಿಯನ್ನು 0.524ರಿಂದ ಗುಣಿಸಿ, ತೇವದ ಶೇಕಡವನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಿ. ನಿಮ್ಮ 95, ತೇವ 90 ಎಂದಾದರೆ ಸಿಗುವುದು ಸುಮಾರು 48. ಅದು ಅಲ್ಲಿನ ಹವೆಗೆ, ಆ ಮೀಟರಿಗೆ ಮಾಡಿದ ಲೆಕ್ಕ. ನಿಮ್ಮದಕ್ಕೆ ಅಕ್ಷರಶಃ ಹೊಂದದು, ಆದರೆ ಉಬ್ಬರ ಎಷ್ಟಿರಬಹುದೆಂದು ಗೊತ್ತಾಗುತ್ತದೆ.

ಆ್ಯಪಿನದ್ದು ಬೇರೆ ತೊಂದರೆ. ಅಲ್ಲಿನ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 24 ಗಂಟೆಯ ಸರಾಸರಿ. ಬೆಳಿಗ್ಗೆ ಎರಡು ಗಂಟೆ 200 ಮೈಕ್ರೋಗ್ರಾಂ ಇದ್ದು ಉಳಿದ 22 ಗಂಟೆ 30 ಇದ್ದರೆ ಸರಾಸರಿ 44, ಅಂದರೆ 'ತೃಪ್ತಿಕರ'. ಆ ಎರಡು ಗಂಟೆ ವಾಕಿಂಗ್ ಹೋದವರಿಗೆ ಅದು ತೃಪ್ತಿಕರವಾಗಿರಲಿಲ್ಲ. ಎಕ್ಯೂಐ ಅಂಕಿಯೂ ಮೈಕ್ರೋಗ್ರಾಂ ಅಂಕಿಯೂ ಒಂದಲ್ಲ ಎಂಬುದನ್ನೂ ನೆನಪಿಡಿ. ಪಿಎಂ 2.5 ಪ್ರಮಾಣ 60 ಮೈಕ್ರೋಗ್ರಾಂ ಇದ್ದರೆ ಎಕ್ಯೂಐ 100, 90 ಇದ್ದರೆ 200. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನಕ್ಕೆ 15 ಸಾಕು ಎಂದಿತು, ನಮ್ಮ ಮಿತಿ ಇನ್ನೂ 60ರಲ್ಲೇ ಇದೆ.

ಉಪಗ್ರಹದ ಬೆಂಕಿ ನಕ್ಷೆಯಲ್ಲಿ ಏನೂ ಕಾಣುವುದಿಲ್ಲ ಎಂದೂ ಬರೆದಿದ್ದೀರಿ. ವಿಐಐಆರ್‌ಎಸ್ ಉಪಕರಣದ ಒಂದು ಚುಕ್ಕಿ 375 ಮೀಟರ್, ಅದು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಸಂಜೆ ಆರಕ್ಕೆ ಹಚ್ಚಿದ ಅರ್ಧ ಎಕರೆಯ ತರಗೆಲೆ ಅದರ ಕಣ್ಣಿಗೆ ಬೀಳುವುದು ಕಷ್ಟ. ಬೆಳಗಿನ ಹೊಗೆಯೆಲ್ಲ ಕಾಡಿನದ್ದೂ ಅಲ್ಲ. ರಸ್ತೆ ಬದಿ ಗುಡಿಸಿ ಹಚ್ಚಿದ್ದು, ಬಚ್ಚಲ ಒಲೆಗಳದ್ದು, ರಾತ್ರಿಯ ನೆಲಗಾಳಿಯೊಡನೆ ಗುರುಪುರ ಹೊಳೆಯ ಕಣಿವೆಯಲ್ಲಿ ಇಳಿದುಬಂದದ್ದು, ಎಲ್ಲ ಸೇರಿ ಒಂದು. ಮೂಗು ಇಲ್ಲಿ ಮೀಟರಿಗಿಂತ ಕೆಟ್ಟ ಸಾಧನವಲ್ಲ. ವಾಸನೆ ಇರುವ ದಿನ ವಾಕಿಂಗನ್ನು ಸಂಜೆ ನಾಲ್ಕೂವರೆಗೆ ಬದಲಿಸಿ.

ಪ್ರಶ್ನೆ: ಗುಡ್ಡೆ ಸವರಿ ಸುಡುವ ಕೆಲಸದವರು ಮುಖಕ್ಕೆ ಬೈರಾಸು (ಟವಲು) ಕಟ್ಟಿಕೊಳ್ಳುತ್ತಾರೆ. ಅಷ್ಟು ಸಾಕೇ? (ಕಾರ್ಕಳ)

ಬೈರಾಸು ಬೂದಿ ತಡೆಯುತ್ತದೆ, ಪಿಎಂ 2.5 ಅಲ್ಲ. ಒದ್ದೆ ಮಾಡಿದರೂ ಅಷ್ಟೇ. ಎನ್-95 ಮಾಸ್ಕು ಮೂಗಿನ ಪಟ್ಟಿ ಒತ್ತಿ ಹಾಕಿದರೆ, ಗಡ್ಡವಿಲ್ಲದ ಮುಖಕ್ಕೆ, ಕೆಲಸ ಮಾಡುತ್ತದೆ. ಬೆವರಿಗೆ ತೊಯ್ದರೆ ಬದಲಿಸಬೇಕು. ಅದೂ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ತಲೆನೋವು, ವಾಕರಿಕೆ ಶುರುವಾದರೆ ಹೊಗೆಯಿಂದ ಹೊರಗೆ ಬರುವುದೊಂದೇ ಮದ್ದು. ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿಕೊಳ್ಳಲಿ. ಪಾಲಿಯೆಸ್ಟರ್ ಅಂಗಿ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಹಿಡಿಯುತ್ತದೆ.

ಮಾಸ್ಕಿಗಿಂತ ಮುಖ್ಯವಾದದ್ದು ರಾಶಿಗೆ ಏನು ಹೋಗುತ್ತಿದೆ ಎಂಬುದು. ಚೇರೆ ಮರದ ಸೊನೆ ತಾಗಿದರೆ ಮೈ ಬೊಕ್ಕೆ ಏಳುವುದು ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಅದರ ಹೊಗೆ ಗಂಟಲು, ಶ್ವಾಸಕೋಶದ ಒಳಗೆ ಅದನ್ನೇ ಮಾಡುತ್ತದೆ. ಗೇರು ಬೀಜದ ಸಿಪ್ಪೆಯ ಎಣ್ಣೆಯೂ ಅದೇ ಬಳಗದ್ದು. ಇವೆರಡನ್ನೂ ಬೇರೆ ತೆಗೆದಿಡಿ, ಸುಡಬೇಡಿ.

ಪ್ರಶ್ನೆ: ಮಗಳಿಗೆ ಎಂಟು ವರ್ಷ, ಅಸ್ತಮಾ ಇದೆ. ಸುತ್ತ ಗುಡ್ಡೆ ಸುಡುವ ಕಾಲ. ಏರ್ ಪ್ಯೂರಿಫೈಯರ್ ತಂದರೆ ಆದೀತೇ? ನಮ್ಮದು ಹಂಚಿನ ಮನೆ. (ಬ್ರಹ್ಮಾವರ)

ಅಮ್ಮಾ, ದುಡ್ಡು ಕೊಡುವ ಮೊದಲು ತಲೆ ಎತ್ತಿ ಮನೆಯ ಮಾಡನ್ನು ನೋಡಿ. ಮಂಗಳೂರು ಹಂಚಿನ ಸಂದಿಗಳಲ್ಲಿ ಗಾಳಿ ಸದಾ ಓಡಾಡುತ್ತದೆ. ಸೆಕೆಗೆ ಅದು ವರ, ಪ್ಯೂರಿಫೈಯರಿಗೆ ಶಾಪ. ಶುದ್ಧ ಮಾಡಿದ ಗಾಳಿ ಮೇಲೆ ಹೋಗಿ ಹೊಗೆಯ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ಮನೆಯಲ್ಲಿ ಮರದ ಮುಚ್ಚಿಗೆ ಇರುವ ಕೋಣೆ ಅಥವಾ ತಾರಸಿ ಹಾಕಿದ ಕೋಣೆ ಒಂದಾದರೂ ಇದ್ದರೆ ಅದನ್ನೇ ಮಗುವಿನ ಕೋಣೆ ಮಾಡಿ. ಮುಚ್ಚಿಗೆಯ ಬಿರುಕಿಗೆ ಟೇಪು, ಬಾಗಿಲ ಕೆಳಗೆ ಸುತ್ತಿದ ಬಟ್ಟೆ.

12 ಅಡಿಗೆ 12 ಅಡಿಯ, 9 ಅಡಿ ಎತ್ತರದ ಕೋಣೆಯ ಗಾಳಿ 1,296 ಘನ ಅಡಿ. ಗಂಟೆಗೆ ಐದು ಸಲ ಶೋಧಿಸಬೇಕಾದರೆ ಯಂತ್ರದ 'ಸಿಎಡಿಆರ್' (ಶುದ್ಧ ಗಾಳಿ ಕೊಡುವ ಪ್ರಮಾಣ) ಗಂಟೆಗೆ ಸುಮಾರು 185 ಘನ ಮೀಟರ್ ಬೇಕು. ಅದು ಗರಿಷ್ಠ ವೇಗದ ಅಂಕಿ. ರಾತ್ರಿ ಸದ್ದಿಲ್ಲದೆ ಕಡಿಮೆ ವೇಗದಲ್ಲಿ ಓಡಿಸುವುದಾದರೆ 300 ಇರುವುದನ್ನು ಕೊಳ್ಳಿ. ಅತಿ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇರಬೇಕು. ಓಝೋನ್ ಬಿಡುವ, ಅಯಾನು ಬಿಡುವ ಯಂತ್ರ ಅಸ್ತಮಾ ಇರುವಲ್ಲಿ ಬೇಡವೇ ಬೇಡ.

ಅದಕ್ಕಿಂತ ಮೊದಲು ಬಚ್ಚಲ ಒಲೆ. ಬೆಳಿಗ್ಗೆ ಹಂಡೆಗೆ ಮಡಲು, ತೆಂಗಿನ ಸಿಪ್ಪೆ ಹಾಕಿ ಉರಿಸುತ್ತೀರಾದರೆ, ಮೂರು ಮೈಲಿ ದೂರದ ಗುಡ್ಡೆಗಿಂತ ಹೆಚ್ಚು ಹೊಗೆ ಮಗುವಿಗೆ ಅಲ್ಲಿಂದಲೇ ಸಿಗುತ್ತಿರಬಹುದು. ಈ ಮೂರು ತಿಂಗಳಾದರೂ ನೀರು ಗ್ಯಾಸಿನಲ್ಲೋ ಕರೆಂಟಿನಲ್ಲೋ ಕಾಯಲಿ. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಬತ್ತಿಯೂ ಹೊಗೆಯೇ. ಕಿಟಕಿಗಳನ್ನು ಸಂಜೆ ಐದರಿಂದ ಬೆಳಿಗ್ಗೆ ಹತ್ತರವರೆಗೆ ಮುಚ್ಚಿ, ಮಧ್ಯಾಹ್ನ ವಾಸನೆ ಇಲ್ಲದಿದ್ದರೆ ಪೂರ್ತಿ ತೆರೆಯಿರಿ. ವೈದ್ಯರ ಹತ್ತಿರ ಡಿಸೆಂಬರಿನಲ್ಲೇ ಹೋಗಿ, ದಿನಾ ತೆಗೆದುಕೊಳ್ಳುವ ಇನ್‌ಹೇಲರ್ ಯಾವುದು, ಉಬ್ಬಸ ಬಂದಾಗಿನದ್ದು ಯಾವುದು, ಎಷ್ಟು ಸಲ ತೆಗೆದುಕೊಂಡ ಮೇಲೂ ಇಳಿಯದಿದ್ದರೆ ಆಸ್ಪತ್ರೆಗೆ ಬರಬೇಕು ಎಂಬುದನ್ನು ಬರೆಸಿಕೊಂಡು ಬನ್ನಿ. ಒಂದು ಪ್ರತಿ ಶಾಲೆಯ ಟೀಚರ ಬಳಿ ಇರಲಿ. ಬಾಯಿಗೂ ಮದ್ದಿನ ಪಂಪಿಗೂ ನಡುವೆ ಜೋಡಿಸುವ ಸ್ಪೇಸರ್ ಡಬ್ಬಿ ಇಲ್ಲದೆ ಮಕ್ಕಳಿಗೆ ಇನ್‌ಹೇಲರ್ ಮದ್ದು ಹೆಚ್ಚಿನಂಶ ಬಾಯಲ್ಲೇ ಉಳಿಯುತ್ತದೆ.

ಪ್ರಶ್ನೆ: ನಸುಕಿನಲ್ಲಿ ಚಾರ್ಮಾಡಿ ಕಡೆಗೆ ಗಾಡಿ ಓಡಿಸುವವನು. ಕೆಲವು ದಿನ ಕಣಿವೆಯಲ್ಲಿ ಹೊಗೆ, ಮಂಜು ಸೇರಿ ಬಾನೆಟ್ ಕೂಡ ಕಾಣುವುದಿಲ್ಲ. ಹೀಗೇಕೆ? (ಉಜಿರೆ)

ಹೊಗೆಯಾಡುವ ಕಸದಿಂದ ನೀರಾವಿಯೂ ಕೋಟಿಗಟ್ಟಲೆ ಕಣಗಳೂ ಒಟ್ಟಿಗೆ ಬರುತ್ತವೆ. ತಂಪಾದ, ತೇವದ ಗಾಳಿಗೆ ಅದು ಬೆರೆತಾಗ ಪ್ರತಿ ಕಣದ ಮೇಲೂ ಒಂದು ಹನಿ ಕೂರುತ್ತದೆ. ಮಾಮೂಲು ಮಂಜಿಗಿಂತ ಹನಿಗಳು ಸಣ್ಣ, ಸಂಖ್ಯೆ ಬಹಳ ಹೆಚ್ಚು, ಹಾಗಾಗಿ ಮೂರು ಮೀಟರ್ ಮುಂದೂ ಕಾಣದಷ್ಟು ದಟ್ಟ. ಅಮೆರಿಕದ ಫ್ಲೋರಿಡಾದಲ್ಲಿ 2008ರ ಜನವರಿಯಲ್ಲಿ ಕೈಮೀರಿದ ಒಂದು ನಿಯಂತ್ರಿತ ಬೆಂಕಿಯ ಹೊಗೆ ಹೀಗೆ ಮಂಜಿಗೆ ಸೇರಿ ಹೆದ್ದಾರಿಯಲ್ಲಿ ಸುಮಾರು 70 ವಾಹನ ಒಂದಕ್ಕೊಂದು ಗುದ್ದಿಕೊಂಡವು. 2012ರ ಜನವರಿಯಲ್ಲಿ ಅದೇ ರಾಜ್ಯದ ಇನ್ನೊಂದು ಹೆದ್ದಾರಿಯಲ್ಲಿ 11 ಜನ ಸತ್ತರು. ಎರಡೂ ನಸುಕಿನ ಮೊದಲು ಅಥವಾ ನಸುಕಿನಲ್ಲಿ ಆದದ್ದು.

ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಏಳುತ್ತದೆ, ಲೋ ಬೀಮ್ ಇರಲಿ. ಎಸಿಯಲ್ಲಿ ಒಳಗಿನ ಗಾಳಿಯೇ ತಿರುಗುವ ಮೋಡ್ ಹಾಕಿ. ಕಾಣದಾದಾಗ ರಸ್ತೆಯ ಮೇಲೆ ನಿಲ್ಲಿಸಿದರೆ ಹಿಂದಿನವನು ಬಂದು ಹೊಡೆಯುತ್ತಾನೆ. ನಿಧಾನಿಸಿ, ಅಗಲವಾದ ಜಾಗ ಸಿಕ್ಕಲ್ಲಿ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಪಾರ್ಕಿಂಗ್ ದೀಪ ಹಾಕಿ. ಬಿಸಿಲು ಬಂದು ಒಂದು ಗಂಟೆಯಲ್ಲಿ ಎದ್ದುಹೋಗುವ ಸರಕು ಇದು, ಅಷ್ಟು ಹೊತ್ತು ಚಾ ಕುಡಿಯುವುದು ಲೇಸು. ಹಿಂದಿನ ಸಂಜೆಯೇ ರಸ್ತೆಯ ಕೆಳಗಿನ ಕಣಿವೆಯಲ್ಲಿ ಹೊಗೆ ಕಂಡಿದ್ದರೆ ಮರುದಿನ ನಸುಕಿನ ಟ್ರಿಪ್ಪನ್ನು ತಡಮಾಡಿ.

ಪ್ರಶ್ನೆ: ಹೊಗೆ ಕಂಡರೆ ಯಾರಿಗೆ ಹೇಳಬೇಕು? (ಹಲವರು)

ಕಾಡಿನಲ್ಲಿ ಅಥವಾ ಕಾಡಿನ ಅಂಚಿನಲ್ಲಾದರೆ ಅರಣ್ಯ ಸಹಾಯವಾಣಿ 1926. ಮನೆ, ತೋಟದ ಕಡೆ ಬರುತ್ತಿದ್ದರೆ 112. ಕಸ ಸುಡುತ್ತಿದ್ದರೆ ನಗರಸಭೆ, ಪಾಲಿಕೆ ಅಥವಾ ಪಂಚಾಯತಿಗೆ. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣವಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ಕರೆ ಮಾಡುವಾಗ 'ಗುಡ್ಡೆಗೆ ಬೆಂಕಿ ಬಿದ್ದಿದೆ' ಎಂದಷ್ಟೇ ಹೇಳಿದರೆ ಅವರು ಅರ್ಧ ಗಂಟೆ ಹುಡುಕಬೇಕಾಗುತ್ತದೆ. ಗ್ರಾಮದ ಹೆಸರು, ಹತ್ತಿರದ ದೈವಸ್ಥಾನವೋ ಶಾಲೆಯೋ, ಹೊಗೆ ಮೂಡಿಗೆ ಹೋಗುತ್ತಿದೆಯೋ ಪಡುವಿಗೋ, ಬಿಳಿಯೋ ಕಪ್ಪೋ, ಗಾಡಿ ಹೋಗುವ ದಾರಿ ಯಾವ ಬದಿಯಿಂದ, ಇಷ್ಟು ಹೇಳಿ. ಸಾಧ್ಯವಾದರೆ ಮೊಬೈಲಿನಿಂದ ಸ್ಥಳದ ಲೊಕೇಶನ್ ಕಳಿಸಿ.